ತಾತನ ಮೂಲೆಗೆ ಇನ್ನು ಮೂವತ್ತೇಳು ಸಹಿ ಬೇಕು

ನಮ್ಮ ಪಟ್ಟಣದ ಕನ್ನಡದ ಮನೆಗಳಿಗೆ ಮತ್ತು ಗಣೇಶ ಹಬ್ಬದ ಸಮಿತಿಗೆ ಒಂದು ಬಹಿರಂಗ ಪತ್ರ

ಮಾನ್ಯ ಹಿರಿಯರೇ, ಗೆಳೆಯರೇ,

ನಮಸ್ಕಾರ. ಅಮೆರಿಕದ ನ್ಯೂ ಹೇವನ್ ಪಕ್ಕದ ಈ ಸಣ್ಣ ಪಟ್ಟಣಕ್ಕೆ ನಾನು ಬಂದು ಹದಿನೆಂಟು ವರ್ಷ ಆಯಿತು. ನಿಮ್ಮಲ್ಲಿ ತುಂಬಾ ಜನರ ಮನೆಯಲ್ಲಿ ಊಟ ಮಾಡಿದ್ದೇನೆ. ನಿಮ್ಮ ಮಕ್ಕಳ ನಾಮಕರಣಕ್ಕೆ ಬಂದಿದ್ದೇನೆ. ಹಾಗಾಗಿ ಈ ಮಾತನ್ನು ನಿಮ್ಮ ಮುಂದೆಯೇ ಇಡಬೇಕು ಅನ್ನಿಸಿತು. ನಮ್ಮ ಬೀದಿಯ ಪಾರ್ಕಿನ ಮೂಲೆಗೆ ಪಕ್ಕದ ಮನೆಯ ತಾತನ ಹೆಸರಿಡಲು ಸಹಿ ಹಾಕಿ ಎಂದು ಎರಡು ವಾರದ ಹಿಂದೆ ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಸಾಲು ಹಾಕಿದ್ದೆ. ಮೂರು ಜನ ಕೈಮುಗಿಯುವ ಚಿತ್ರ ಕಳಿಸಿದರು. ಅಷ್ಟಕ್ಕೇ ನಿಂತುಹೋಯಿತು. ಅದಕ್ಕೇ ಈಗ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಕಳೆದ ಅಕ್ಟೋಬರಿನಲ್ಲಿ ನಮ್ಮ ಪಕ್ಕದ ಮನೆಯ ತಾತ ತೀರಿಕೊಂಡರು. ಅವರಿಗೆ 84 ವರ್ಷ. ನನ್ನ ಮಗಳು ಮಾತು ಕಲಿತಾಗಿನಿಂದ ಅವರನ್ನು ತಾತ ಎಂದೇ ಕರೆದಳು, ಅವರೂ ಓಗೊಟ್ಟರು. ಅವರ ಹೆಸರು ಬರೆಯಬೇಡ ಎಂದು ಅವರ ಹೆಂಡತಿ, ನಮ್ಮೆಲ್ಲರ ಅಜ್ಜಿ, ಹೇಳಿದ್ದಾರೆ. ಪಟ್ಟಣದ ಕೌನ್ಸಿಲ್ ಒಪ್ಪಿದ ಮೇಲೆ ಆ ಮೂಲೆಯ ಬೋರ್ಡಿನಲ್ಲೇ ಎಲ್ಲರೂ ಓದಲಿ ಎಂಬುದು ಅವರ ಆಸೆ. ಹಾಗಾಗಿ ಇಲ್ಲಿಯೂ ತಾತ ಎಂದೇ ಬರೆಯುತ್ತೇನೆ.

ತಾತ ಡೂ-ವಾಪ್ ಹಾಡುತ್ತಿದ್ದರು. ಇಲ್ಲಿಗೆ ಬರುವ ಮೊದಲು ಈ ಪದವನ್ನೇ ನಾನು ಕೇಳಿರಲಿಲ್ಲ. 1940ರ ದಶಕದ ಕೊನೆಯಿಂದ 1960ರ ದಶಕದ ಶುರುವಿನವರೆಗೆ ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಲ್ಟಿಮೋರ್, ಶಿಕಾಗೊ, ಪಿಟ್ಸ್‌ಬರ್ಗ್‌ನಂಥ ಊರುಗಳ ಬೀದಿಗಳಲ್ಲಿ ಬೆಳೆದ ಹಾಡುಗಾರಿಕೆ ಇದು. ಶುರು ಮಾಡಿದವರು ಕಪ್ಪು ಜನಾಂಗದ ಹುಡುಗರು. ಆಮೇಲೆ ಇಟಲಿಯಿಂದ ಬಂದವರ ಮಕ್ಕಳು, ಪೋರ್ಟೊ ರಿಕೊದವರ ಮಕ್ಕಳು ಸೇರಿಕೊಂಡರು. ವಾದ್ಯ ಕೊಳ್ಳಲು ದುಡ್ಡಿಲ್ಲದ ಹುಡುಗರು. ನಾಲ್ಕೈದು ಜನ ಬೀದಿ ಮೂಲೆಯಲ್ಲೋ ಕಟ್ಟಡದ ಮೆಟ್ಟಿಲ ಕೆಳಗೋ ಸೇರುತ್ತಿದ್ದರು. ದನಿ ಗೋಡೆಗೆ ಬಡಿದು ವಾಪಸ್ ಬರುವ ಜಾಗ ಹುಡುಕುತ್ತಿದ್ದರು. ಒಬ್ಬ ಹಾಡು ಹಿಡಿಯುತ್ತಾನೆ. ಇನ್ನೊಬ್ಬ ಅವನ ಮೇಲೆ ಸಣ್ಣ ದನಿಯಲ್ಲಿ ಹೋಗುತ್ತಾನೆ. ಇಬ್ಬರು ನಡುವೆ ತುಂಬುತ್ತಾರೆ. ಎಲ್ಲರ ಕೆಳಗೆ ಒಬ್ಬ ಗಡುಸು ದನಿಯವನು ತಾಳ ಹೊರುತ್ತಾನೆ. ಪಿಟೀಲು, ಡ್ರಮ್ಮು ಮಾಡಬೇಕಾದ ಕೆಲಸವನ್ನೆಲ್ಲ ಬಾಯಿಯೇ ಮಾಡುತ್ತದೆ. ‘ಡೂ’, ‘ವಾಪ್’, ‘ಷೂ-ಬಿ-ಡೂ’ ಎಂದು ಬರುವುದು ಅದಕ್ಕೇ. ಅರ್ಥ ಹುಡುಕಿದರೆ ಸಿಗುವುದಿಲ್ಲ. ನಮ್ಮ ಪದಗಳಲ್ಲಿ ‘ತಂದನಾನ’ ಬರುತ್ತದಲ್ವಾ, ಹಾಗೆ.

ತಾತನದು ಆ ಕೆಳಗಿನ ದನಿ.

ಅವರು ಹುಟ್ಟಿ ಬೆಳೆದಿದ್ದು ನ್ಯೂ ಹೇವನ್‌ನ ಓಕ್ ಸ್ಟ್ರೀಟ್ ಕೇರಿಯಲ್ಲಿ. ನೀವು ಕೆಲಸಕ್ಕೆ ಹೋಗುವಾಗ ಹೆದ್ದಾರಿಯಿಂದ ಊರೊಳಗೆ ಇಳಿಯುವ ಅಗಲವಾದ ರಸ್ತೆ ಇದೆಯಲ್ಲ, ಓಕ್ ಸ್ಟ್ರೀಟ್ ಕನೆಕ್ಟರ್, ಆ ಕೇರಿ ಇದ್ದದ್ದು ಅಲ್ಲೇ. ಕಪ್ಪು ಜನ, ಇಟಲಿಯವರು, ಯಹೂದಿಗಳು ಒತ್ತೊತ್ತಾಗಿ ಬದುಕುತ್ತಿದ್ದ ಜಾಗ. 1950ರ ದಶಕದಲ್ಲಿ ನಗರ ಸುಧಾರಣೆ ಎಂದು ನೂರಾರು ಮನೆ, ಅಂಗಡಿ ಕೆಡವಿ ರಸ್ತೆ ಮಾಡಿದರು. ತಾತ ಹಾಡಲು ಕಲಿತ ಮೂಲೆ ಈಗ ನೆಲದ ಮೇಲೆ ಇಲ್ಲ. ಒಮ್ಮೆ ನನ್ನ ಕಾರಿನಲ್ಲಿ ಬರುವಾಗ ಆ ರಸ್ತೆಯ ನಡುವೆ ಕೈ ತೋರಿಸಿ, ‘ಇಲ್ಲೇ ನಾವು ನಿಲ್ಲುತ್ತಿದ್ದದ್ದು’ ಎಂದರು. ಹಿಂದಿನಿಂದ ಟ್ರಕ್ ಹಾರ್ನ್ ಹೊಡೆಯುತ್ತಿತ್ತು. ನಿಲ್ಲಿಸಲು ಆಗಲಿಲ್ಲ.

ಆ ಊರಿನ ಹಾಡಿನ ಕತೆ ನಿಮಗೆ ಹೇಳಲೇಬೇಕು. 1956ರಲ್ಲಿ ಫ್ರೆಡ್ ಪ್ಯಾರಿಸ್ ಎಂಬ ಹುಡುಗ, ಆಗ ಇನ್ನೂ ಇಪ್ಪತ್ತು ತುಂಬುವುದರಲ್ಲಿತ್ತು, ತನ್ನ ಫೈವ್ ಸ್ಯಾಟಿನ್ಸ್ ಗುಂಪಿನ ಜೊತೆ ನ್ಯೂ ಹೇವನ್‌ನ ಸೇಂಟ್ ಬರ್ನಡೆಟ್ ಚರ್ಚಿನ ನೆಲಮಾಳಿಗೆಯಲ್ಲಿ ‘ಇನ್ ದ ಸ್ಟಿಲ್ ಆಫ್ ದ ನೈಟ್’ ಹಾಡನ್ನು ರೆಕಾರ್ಡ್ ಮಾಡಿದ. ಸೈನ್ಯದಲ್ಲಿದ್ದ ಅವನು ರಾತ್ರಿ ಕಾವಲು ಕಾಯುವಾಗ ಬರೆದ ಹಾಡು ಅದು. ಸ್ಟುಡಿಯೊ ಅಲ್ಲ, ಚರ್ಚಿನ ಕೆಳಗಿನ ಕೋಣೆ. ಸ್ಯಾಕ್ಸೊಫೋನ್ ನುಡಿಸಿದವರು ಅದೇ ಚರ್ಚಿಗೆ ಹೋಗುತ್ತಿದ್ದ ಸ್ಥಳೀಯರು, ಹಾಗಾಗಿ ಜಾಗ ಸಿಕ್ಕಿತು. ಹಾಡು ಮೇಲೆ ಬರುವ ಹೊತ್ತಿಗೆ ಪ್ಯಾರಿಸ್ ಸೈನ್ಯದ ಕೆಲಸದ ಮೇಲೆ ಜಪಾನಿನಲ್ಲಿದ್ದ. ಅಮೆರಿಕದ ಪಾಪ್ ಹಾಡುಗಳ ಪಟ್ಟಿಯಲ್ಲಿ ಆ ವರ್ಷ ಅದು ಏರಿದ್ದು 24ನೇ ಜಾಗಕ್ಕೆ ಮಾತ್ರ. ಆದರೆ ಇವತ್ತಿಗೂ ಜನ ಅದನ್ನು ಬಿಟ್ಟಿಲ್ಲ. ಪ್ಯಾರಿಸ್ ಜನವರಿ 2022ರಲ್ಲಿ 85ನೇ ವಯಸ್ಸಿನಲ್ಲಿ ತೀರಿಕೊಂಡಾಗ ದೇಶದ ದೊಡ್ಡ ಪತ್ರಿಕೆಗಳು ಬರೆದವು. ಆ ದಿನ ತಾತ ಅಡುಗೆಮನೆಯಲ್ಲಿ ಆ ಹಾಡಿನ ಕೆಳಗಿನ ದನಿಯನ್ನು ಪೂರ್ತಿ ಒಬ್ಬರೇ ಹಾಡಿದರು ಎಂದು ಅಜ್ಜಿ ಹೇಳಿದರು.

ತಾತನ ಗುಂಪೂ ಒಂದು ರೆಕಾರ್ಡ್ ಮಾಡಿತ್ತು. ಒಂದೇ ಒಂದು. ಅತ್ತ ಒಂದು ಹಾಡು, ಇತ್ತ ಒಂದು ಹಾಡು. ಅದಕ್ಕೆ ಅವರಿಗೆ ಸಿಕ್ಕಿದ್ದು ಒಂದು ಹೊತ್ತಿನ ಊಟ ಮತ್ತು ಬಸ್ಸಿನ ಚಾರ್ಜು. ಐದು ಜನರಲ್ಲಿ ಯಾರೂ ಕಾಗದ ಓದಿ ಸಹಿ ಹಾಕಿರಲಿಲ್ಲ. ಆ ಕಾಲದಲ್ಲಿ ಇಂಥದ್ದು ಮಾಮೂಲು. ತುಂಬಾ ಹೆಸರಾದವರಿಗೂ ಹೀಗೇ ಆಗಿದೆ. ಹದಿಮೂರು ವರ್ಷದ ಫ್ರ್ಯಾಂಕಿ ಲೈಮನ್ 1956ರಲ್ಲಿ ಟೀನೇಜರ್ಸ್ ಗುಂಪಿನ ಜೊತೆ ‘ವೈ ಡೂ ಫೂಲ್ಸ್ ಫಾಲ್ ಇನ್ ಲವ್’ ಹಾಡಿ ಲೋಕವೇ ತಿರುಗಿ ನೋಡುವಂತೆ ಮಾಡಿದ. ಆ ಹಾಡನ್ನು ಬರೆದವರು ನಾವು ಎಂದು ಅದೇ ಗುಂಪಿನ ಇಬ್ಬರು ಕೋರ್ಟಿಗೆ ಹೋದರು. 1992ರಲ್ಲಿ ತೀರ್ಪು ಅವರ ಕಡೆ ಬಂತು. 1996ರಲ್ಲಿ ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು. ಮೂರು ವರ್ಷದೊಳಗೆ ಕೇಳಬೇಕಿತ್ತು, ತಡವಾಯಿತು ಎಂಬುದು ಕಾರಣ. ಲೈಮನ್ ಅಷ್ಟು ಹೊತ್ತಿಗೆ ಸತ್ತು ಇಪ್ಪತ್ತೆಂಟು ವರ್ಷವಾಗಿತ್ತು. ಸಾಯುವಾಗ ಅವನಿಗೆ ಇಪ್ಪತ್ತೈದು ವರ್ಷ.

ಇನ್ನೊಂದು ವಿಷಯ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಈ ದೇಶದಲ್ಲಿ ಎಎಂ, ಎಫ್‌ಎಂ ರೇಡಿಯೊದಲ್ಲಿ ಹಾಡು ಬಂದರೆ ಬರೆದವರಿಗೆ ದುಡ್ಡು ಹೋಗುತ್ತದೆ. ಹಾಡಿದವರಿಗೆ ಒಂದು ಪೈಸೆಯೂ ಹೋಗುವುದಿಲ್ಲ. ಇಂಟರ್ನೆಟ್ ರೇಡಿಯೊ ಕೊಡಬೇಕು. ಆದರೆ 1972ಕ್ಕಿಂತ ಹಿಂದಿನ ರೆಕಾರ್ಡುಗಳಿಗೂ ಕೊಡಲೇಬೇಕು ಎಂದು ದೇಶಕ್ಕೆಲ್ಲ ಒಂದೇ ಕಾನೂನು ಬಂದದ್ದು 2018ರಲ್ಲಿ. ಡೂ-ವಾಪ್ ಹಾಡಿದವರಲ್ಲಿ ಎಷ್ಟೋ ಜನ ಅಷ್ಟರೊಳಗೆ ಮಣ್ಣಾಗಿದ್ದರು. ದುಡ್ಡು ಹೋಗಲಿ, ಕೊನೆಗೆ ಅವರಿಗೆ ಸಿಗುವುದು ಊರಿನವರ ನೆನಪು ಒಂದೇ. ಅದನ್ನಾದರೂ ಕೊಡಿ ಎಂದು ಕೇಳಲು ಈ ಪತ್ರ.

ತಾತ ಹಾಡಿನಿಂದ ಬದುಕಲಿಲ್ಲ. ಮೂವತ್ತೊಂದು ವರ್ಷ ವಿಂಚೆಸ್ಟರ್ ಬಂದೂಕು ಕಾರ್ಖಾನೆಯಲ್ಲಿ ದುಡಿದರು. ಬೇಕೆಂದೇ ಎರಡನೇ ಪಾಳಿ ತೆಗೆದುಕೊಂಡಿದ್ದರು. ಮಧ್ಯರಾತ್ರಿ ಮನೆಗೆ ಬಂದರೂ ಬೆಳಗ್ಗೆ ಆರಕ್ಕೆ ಎದ್ದು ನಾಲ್ಕು ಮಕ್ಕಳ ತಲೆ ಬಾಚಿ, ಊಟದ ಡಬ್ಬಿ ಕಟ್ಟಿ, ಸ್ಕೂಲ್ ಬಸ್ ಹತ್ತಿಸುತ್ತಿದ್ದರು. ಅಜ್ಜಿ ಶಾಲೆಯೊಂದರ ಅಡುಗೆಮನೆಗೆ ಕೆಲಸಕ್ಕೆ ಐದಕ್ಕೇ ಹೊರಡಬೇಕಿತ್ತು. 1969ರ ನಂತರ ಹಳೆಯ ಹಾಡುಗಳಿಗೆ ಮತ್ತೆ ಬೇಡಿಕೆ ಬಂತು, ದೊಡ್ಡ ದೊಡ್ಡ ಹಾಲ್‌ಗಳಲ್ಲಿ ಹಳೆಯ ಗುಂಪುಗಳನ್ನು ಕರೆಸಿ ಹಾಡಿಸತೊಡಗಿದರು. ತಾತನ ಗುಂಪಿಗೂ ಶನಿವಾರದ ಕಾರ್ಯಕ್ರಮಗಳು ಸಿಕ್ಕವು. ಅವರ ಷರತ್ತು ಒಂದೇ. ಭಾನುವಾರ ಬೆಳಗ್ಗೆ ಮನೆಯಲ್ಲಿ ಇರಬೇಕು. ಮಕ್ಕಳಿಗೆ ತಿಂಡಿ ಮಾಡುವುದು ಅವರ ಪಾಲಿನ ಕೆಲಸ. ವಾರಗಟ್ಟಲೆ ಊರೂರು ಸುತ್ತುವ ಅವಕಾಶ ಬಂದಾಗ ಬೇಡ ಎಂದರು. ಅವರ ಜಾಗಕ್ಕೆ ಬೇರೆಯವನು ಹೋದ. ‘ಬೇಜಾರಾಗಲಿಲ್ವಾ?’ ಎಂದು ಕೇಳಿದ್ದೆ. ‘ಆಯಿತು. ಒಂದು ವರ್ಷ ಆಯಿತು. ಆಮೇಲೆ ಚಿಕ್ಕವಳು ನಡೆಯೋಕೆ ಶುರು ಮಾಡಿದಳು’ ಎಂದರು.

ನಮ್ಮ ಅಮ್ಮ ಹಾಸನದಿಂದ ಮೂರು ಸಲ ಬಂದು ಆರಾರು ತಿಂಗಳು ಇದ್ದರು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ತಾತನಿಗೆ ಕನ್ನಡ ಬರುವುದಿಲ್ಲ. ಅಮ್ಮ ಅವರನ್ನು ಅಣ್ಣಯ್ಯ ಎನ್ನುತ್ತಿದ್ದರು. ಅಮ್ಮ ಹಿತ್ತಲಲ್ಲಿ ಕೂತು ಸೊಪ್ಪು ಬಿಡಿಸುತ್ತಾ ಸೋಬಾನೆ ಪದ ಹೇಳಿಕೊಳ್ಳುತ್ತಿದ್ದರು. ಒಂದು ದಿನ ಬೇಲಿಯ ಆಚೆಯಿಂದ ತಾತ ಮೆಲ್ಲಗೆ ಕೆಳಗಿನ ದನಿ ಸೇರಿಸಿದರು. ಅಮ್ಮ ಬೆಚ್ಚಿ ನಿಲ್ಲಿಸಿದರು. ತಾತ ಕ್ಷಮೆ ಕೇಳಿ ಒಳಗೆ ಹೋದರು. ಮಾರನೇ ದಿನ ಅಮ್ಮನೇ ಬೇಲಿಯ ಹತ್ತಿರ ಕುರ್ಚಿ ಹಾಕಿಕೊಂಡರು. ಆಮೇಲೆ ಅವರ ಗುಂಪಿನ ಉಳಿದವರು ಬಂದು ಹಾಡಿದಾಗ ಅಮ್ಮ ಹೇಳಿದ ಮಾತು ನನಗೆ ಈಗಲೂ ನೆನಪಿದೆ: ‘ನಾವು ಭಜನೇಲಿ ಎಲ್ಲಾ ಒಂದೇ ದಾರೀಲಿ ಹೋಗ್ತೀವಿ. ಇವರು ಐದು ದಾರೀಲಿ ಹೋಗಿ ಒಂದೇ ಮನೆಗೆ ಬರ್ತಾರೆ ಕಣೇ.’

ಏಪ್ರಿಲ್ 2020ರಲ್ಲಿ ಅಪ್ಪ ಹೋದರು. ಭಾರತಕ್ಕೆ ವಿಮಾನವೇ ಇರಲಿಲ್ಲ. ಅಪ್ಪನಿಗೆ ಬೆಂಕಿ ಇಟ್ಟದ್ದನ್ನು ನಾನು ನೋಡಿದ್ದು ಫೋನಿನಲ್ಲಿ, ಬೆಳಗಿನ ಜಾವ ಮೂರು ಗಂಟೆಗೆ. ನಿಮ್ಮಲ್ಲಿ ಹಲವರು ಊಟ ಕಳಿಸಿದಿರಿ, ಬಾಗಿಲ ಮುಂದೆ ಇಟ್ಟು ಹೋದಿರಿ, ಅದನ್ನು ಮರೆತಿಲ್ಲ. ಆ ಸಂಜೆ ತಾತ ರಸ್ತೆಯ ಆಚೆ ಬದಿಗೆ ಬಂದು ನಿಂತರು. ಹತ್ತಿರ ಬರುವಂತಿರಲಿಲ್ಲ, ಅವರಿಗೆ ಆಗಲೇ ಎಂಬತ್ತು. ಗುಂಪಿನ ಉಳಿದವರು ಮನೆ ಬಿಟ್ಟು ಬರುವಂತಿರಲಿಲ್ಲ. ಒಬ್ಬರೇ ನಿಂತು ಹಾಡಿದರು. ಅವರದು ಕೆಳಗಿನ ದನಿ ತಾನೇ. ಆದ್ದರಿಂದ ಅಷ್ಟನ್ನೇ ಹಾಡಿದರು. ಮೇಲಿನ ಹಾಡು ಇಲ್ಲ, ಮಾತು ಇಲ್ಲ, ನಡುನಡುವೆ ಬೇರೆಯವರು ಹಾಡಬೇಕಾದ ಕಡೆ ಸುಮ್ಮನೆ ನಿಂತು, ಲೆಕ್ಕ ಹಾಕಿ, ಮತ್ತೆ ತಮ್ಮ ಜಾಗಕ್ಕೆ ಬಂದು ಹಾಡುತ್ತಿದ್ದರು. ನಾನು ಬಾಗಿಲಲ್ಲಿ ಕೂತು ಮೊದಲ ಸಲ ಅತ್ತೆ. ಅಲ್ಲಿಯವರೆಗೆ ಅಳು ಬಂದಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿ ಪಾರ್ಕಿಗೆ ಸೇರುವ ಮೂಲೆಯಲ್ಲಿ ಒಂದು ಬೆಂಚು ಇದೆ. ಬೇಸಿಗೆಯಲ್ಲಿ ಪ್ರತಿ ಗುರುವಾರ ಸಂಜೆ ತಾತ ಅಲ್ಲಿ ಕೂತು ಬಂದ ಮಕ್ಕಳಿಗೆಲ್ಲ ಹಾಡು ಹೇಳಿಕೊಡುತ್ತಿದ್ದರು. ಹದಿನಾಲ್ಕು ವರ್ಷ. ಫೀಸು ಇಲ್ಲ. ನಮ್ಮ ಕನ್ನಡದ ಮಕ್ಕಳೇ ಕಡಿಮೆ ಎಂದರೆ ಇಪ್ಪತ್ತು ಜನ ಅಲ್ಲಿ ಕಲಿತಿದ್ದಾರೆ. ಆ ಮೂಲೆಗೆ ಅವರ ಹೆಸರಿಡಿ ಎಂದು ಬೀದಿಯವರು ಕೌನ್ಸಿಲ್‌ಗೆ ಅರ್ಜಿ ಕೊಟ್ಟಿದ್ದೇವೆ. ಪಟ್ಟಣದ ನಿವಾಸಿಗಳ 200 ಸಹಿ ಬೇಕು ಎಂದರು. ನಮ್ಮ ಕೈಯಲ್ಲಿ 163 ಇದೆ. ಕೊನೆಯ ದಿನ ಮುಂದಿನ ತಿಂಗಳ 15.

ನಮ್ಮ ಪಟ್ಟಣದಲ್ಲಿ ಕನ್ನಡದ ಮನೆಗಳು 46. ನಾನು ಮೂವತ್ತು ಮನೆಯ ಬಾಗಿಲಿಗೆ ಹೋಗಿ ಬಂದೆ. ಸಹಿ ಹಾಕಿದ್ದು ನಾಲ್ಕು ಮನೆಯವರು.

ಉಳಿದವರು ಹೇಳಿದ ಮಾತುಗಳನ್ನು ನಾನು ಮನಸ್ಸಿಗೆ ಹಚ್ಚಿಕೊಂಡೆ. ಯಾರು ಹೇಳಿದರು ಎಂದು ಬರೆಯುವುದಿಲ್ಲ, ಅದು ಬೇಡ. ಉತ್ತರ ಮಾತ್ರ ಕೊಡುತ್ತೇನೆ. ‘ನಮ್ಮ ವೀಸಾಗೆ ತೊಂದರೆ ಆಗಲ್ವಾ?’ ಎಂದು ಕೆಲವರು ಕೇಳಿದಿರಿ. ಈ ಹೆದರಿಕೆ ನನಗೆ ಅರ್ಥವಾಗುತ್ತದೆ. ನಾನೂ ಹತ್ತು ವರ್ಷ ಆ ಹೆದರಿಕೆಯಲ್ಲೇ ಬದುಕಿದ್ದೇನೆ. ಆದರೆ ಅರ್ಜಿ ಕೇಳುವುದು ನಿವಾಸಿಗಳ ಸಹಿ, ನಾಗರಿಕರ ಸಹಿ ಅಲ್ಲ. ಇದು ಮತ ಅಲ್ಲ, ಪ್ರತಿಭಟನೆಯೂ ಅಲ್ಲ. ಒಂದು ಬೆಂಚಿನ ಪಕ್ಕ ಒಂದು ಬೋರ್ಡು. ಆದರೂ ಮನಸ್ಸು ಒಪ್ಪದಿದ್ದರೆ ಸಹಿ ಹಾಕಬೇಡಿ, ನನಗೆ ಬೇಸರ ಇಲ್ಲ.

‘ಅವರ ವಿಷಯ ಅವರು ನೋಡಿಕೊಳ್ಳಲಿ, ನಮಗೇಕೆ?’ ಎಂದವರೂ ಇದ್ದೀರಿ. ಇದಕ್ಕೆ ಬೇಸರ ಇದೆ. ನಮ್ಮ ಗಣೇಶ ಹಬ್ಬ ಮೊದಲ ಮೂರು ವರ್ಷ ಎಲ್ಲಿ ನಡೆಯಿತು, ನೆನಪಿದೆಯೇ? ದುಡ್ಡಿಲ್ಲ, ಹಾಲ್ ಇಲ್ಲ, ಕೇಳಿದ ಕಡೆಯೆಲ್ಲ ಬಾಡಿಗೆ ಜಾಸ್ತಿ. ಆಗ ಒಂದು ಚರ್ಚಿನ ಕೆಳಗಿನ ಹಾಲ್ ಬಾಡಿಗೆ ಇಲ್ಲದೆ ಸಿಕ್ಕಿತು. ಆ ಚರ್ಚಿನಲ್ಲಿ ತಾತ ನಲವತ್ತು ವರ್ಷ ಹಾಡಿದವರು. ಹಿರಿಯರ ಸಭೆಯಲ್ಲಿ ಎದ್ದು ನಿಂತು ನಮ್ಮ ಪರ ಮಾತಾಡಿದವರು ಅವರು. ಬೇರೆ ದೇವರ ಪೂಜೆ ನಮ್ಮ ಚರ್ಚಿನಲ್ಲಿ ಏಕೆ ಎಂದು ಕೇಳಿದವರೂ ಅಲ್ಲಿದ್ದರು. ತಾತ ಬೀಗದ ಕೈ ತಂದು ನನ್ನ ಕೈಗೆ ಕೊಟ್ಟರು. ಮೂರು ವರ್ಷವೂ ಹಬ್ಬದ ಮಾರನೇ ದಿನ ನೆಲಕ್ಕೆ ಬಿದ್ದ ಅರಿಸಿನ ಕುಂಕುಮವನ್ನು ನಮ್ಮ ಜೊತೆ ಮಂಡಿಯೂರಿ ಒರೆಸಿದರು. ಸಮಿತಿಯವರ ಹತ್ತನೇ ವರ್ಷದ ಸ್ಮರಣ ಸಂಚಿಕೆಯಲ್ಲಿ ಧನ್ಯವಾದಗಳ ಪುಟ ಎರಡಿತ್ತು. ಅದರಲ್ಲಿ ಅವರ ಹೆಸರು ಇರಲಿಲ್ಲ. ಅವರ ಅಂತ್ಯಸಂಸ್ಕಾರಕ್ಕೆ ನಮ್ಮವರಲ್ಲಿ ಬಂದದ್ದು ಎರಡು ಮನೆಯವರು.

ಮೂರನೆಯ ಮಾತು ಬರೆಯಲು ಕೈ ಹಿಂಜರಿಯುತ್ತದೆ. ‘ಆ ಜನದ ಹೆಸರು ನಮ್ಮ ಬೀದಿಗೆ ಬಂದರೆ ಮನೆ ರೇಟು ಬೀಳುತ್ತೆ’ ಎಂದು ಒಬ್ಬರು ಅಂದರು. ನಮ್ಮ ಬೀದಿಯಲ್ಲೇ ಮನೆ ಇರುವವರು. ಬಣ್ಣ ನೋಡಿ ಮಾತಾಡುವುದನ್ನು ನಾವು ಆಫೀಸಿನಲ್ಲಿ, ಅಂಗಡಿಯಲ್ಲಿ ಅನುಭವಿಸಿದ್ದೇವೆ. ಅನುಭವಿಸಿ ಮನೆಗೆ ಬಂದು ಅತ್ತವರು ನಮ್ಮಲ್ಲೇ ಇದ್ದಾರೆ. ಅದೇ ಮಾತು ನಮ್ಮ ಬಾಯಿಂದ, ಕನ್ನಡದಲ್ಲಿ, ಆ ಮನುಷ್ಯನ ಬಗ್ಗೆ. ತಾತನ ಮನೆಯವರಿಗೆ ಕನ್ನಡ ಅರ್ಥವಾಗುವುದಿಲ್ಲ ಎಂಬುದೇ ಆ ದಿನ ನನಗೆ ಸಮಾಧಾನವಾಯಿತು. ಹೇಳಿದವರು ಇದನ್ನು ಓದುತ್ತೀರಿ ಎಂದು ಗೊತ್ತು. ಸಹಿ ಹಾಕುವುದು ಬಿಡುವುದು ನಿಮಗೆ ಸೇರಿದ್ದು. ಆ ಮಾತನ್ನು ಮಾತ್ರ ನಿಮ್ಮ ಮಕ್ಕಳ ಎದುರು ಆಡಬೇಡಿ. ನಿಮ್ಮ ಮಗ ಆ ಬೆಂಚಿನ ಮೇಲೆ ಎರಡು ಬೇಸಿಗೆ ಕೂತು ಹಾಡು ಕಲಿತಿದ್ದಾನೆ.

ಹಾಡುಗಾರರ ಹೆಸರನ್ನು ಬೀದಿಗೆ ಇಡುವುದು ನಮಗೆ ಹೊಸದಲ್ಲ. ಬೆಂಗಳೂರಿನ ಮಿಷನ್ ರೋಡಿಗೆ ಪಿ. ಕಾಳಿಂಗರಾವ್ ರಸ್ತೆ ಎಂದು ಹೆಸರಿದೆ. ಈಗಲೂ ಎಷ್ಟೋ ಜನ ಮಿಷನ್ ರೋಡ್ ಎಂದೇ ಹೇಳುತ್ತಾರೆ, ನನಗೆ ಅದು ಬೇಸರ. ಆದರೆ ಬೋರ್ಡು ಇದ್ದರೆ ಒಂದಲ್ಲ ಒಂದು ದಿನ ಯಾವುದೋ ಮಗು ‘ಇವರು ಯಾರು?’ ಎಂದು ಕೇಳುತ್ತದೆ. ನಮ್ಮೂರಿನ ಸೋಬಾನೆ ಹೇಳುತ್ತಿದ್ದ ಹೆಂಗಸರ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ನನ್ನ ಅಜ್ಜಿಗೆ ರಾತ್ರಿಯಿಡೀ ಹೇಳಿದರೂ ಮುಗಿಯದಷ್ಟು ಪದ ಬರುತ್ತಿತ್ತು. ಬರೆದುಕೊಳ್ಳಬೇಕು ಎಂದು ನಮಗೆ ಹೊಳೆಯುವಷ್ಟರಲ್ಲಿ ಅಜ್ಜಿ ಇರಲಿಲ್ಲ.

ಇನ್ನು ನನ್ನ ಕೋರಿಕೆ. ಬೇಕಿರುವುದು 37 ಸಹಿ. ಸಹಿ ಹಾಕದ ಮನೆಗಳು 42. ಮನೆಗೊಂದು ಸಹಿ ಬಂದರೂ ಕೆಲಸ ಮುಗಿಯುತ್ತದೆ. ಕೌನ್ಸಿಲ್ ಸಭೆ 15ರ ನಂತರದ ಮಂಗಳವಾರ ಸಂಜೆ ಏಳಕ್ಕೆ. ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು. ತಾತನ ಹತ್ತಿರ ಕಲಿತ ಮಕ್ಕಳು ಯಾರಾದರೂ ಬಂದು ಮಾತಾಡಿದರೆ, ಅದಕ್ಕಿಂತ ಹಾಡಿದರೆ, ತುಂಬಾ ಒಳ್ಳೆಯದು. ನನ್ನ ಮಗಳು ಬರುತ್ತಾಳೆ. ಅವಳಿಗೆ ಮೇಲಿನ ದನಿ ಮಾತ್ರ ಬರುತ್ತದೆ, ಜೊತೆಗೆ ಇನ್ನೂ ಮೂವರು ಬೇಕು.

ಸಮಿತಿಯವರಲ್ಲಿ ಬೇರೆಯದೇ ಒಂದು ಕೋರಿಕೆ. ಈ ವರ್ಷದ ಹಬ್ಬದಲ್ಲಿ ತಾತನ ಗುಂಪಿನಲ್ಲಿ ಉಳಿದಿರುವ ಇಬ್ಬರಿಗೆ ವೇದಿಕೆಯ ಮೇಲೆ ಹದಿನೈದು ನಿಮಿಷ ಕೊಡಿ. ಒಬ್ಬರಿಗೆ 86, ಇನ್ನೊಬ್ಬರಿಗೆ 83. ಬೆಂಗಳೂರಿನಿಂದ ಬರುವ ಆರ್ಕೆಸ್ಟ್ರಾದವರಿಗೆ ಕೊಡುವ ಹಾಗೆ ಇವರಿಗೂ ಸಂಭಾವನೆ ಕೊಡಿ. ಶಾಲು ಹೊದಿಸಿ ಕಳಿಸಿದರೆ ಸಾಲದು. ಹಾಡಿದ್ದಕ್ಕೆ ಅವರಿಗೆ ಯಾರೂ ಸರಿಯಾಗಿ ದುಡ್ಡು ಕೊಟ್ಟಿಲ್ಲ. ಸಮಿತಿಯ ಹತ್ತಿರ ಹಣ ಇಲ್ಲದಿದ್ದರೆ ಹೇಳಿ, ಅರ್ಧ ನಾನು ಕೊಡುತ್ತೇನೆ. ಮುಂದಿನ ಸಂಚಿಕೆಯಲ್ಲಿ ಆ ಮೂರು ವರ್ಷದ ಹಾಲ್ ಬಗ್ಗೆ ನಾಲ್ಕು ಸಾಲು ಬರೆದು, ತಾತನ ಹೆಸರು ಹಾಕಿ. ಅಜ್ಜಿಗೆ ಒಂದು ಪ್ರತಿ ನಾನೇ ಒಯ್ದು ಕೊಡುತ್ತೇನೆ, ಓದಿ ಹೇಳುತ್ತೇನೆ.

ಅರ್ಜಿಯ ಕಾಗದ ನಮ್ಮ ಮನೆಯಲ್ಲಿದೆ. ವಾರದ ದಿನ ಸಂಜೆ ಆರರಿಂದ ಎಂಟರವರೆಗೆ, ಶನಿವಾರ ಭಾನುವಾರ ಇಡೀ ದಿನ ಯಾರಾದರೂ ಇರುತ್ತೇವೆ. ಬರಲು ಆಗದಿದ್ದರೆ ಒಂದು ಮೆಸೇಜ್ ಹಾಕಿ, ಕಾಗದ ಹಿಡಿದು ನಾನೇ ಬರುತ್ತೇನೆ. ಮೊದಲ ಸಲ ಬಂದಾಗ ಬೇಡ ಎಂದವರ ಮನೆಗೂ ಬರುತ್ತೇನೆ.

ಇಂತಿ,
ಪಾರ್ಕಿನ ಮೂಲೆಯಿಂದ ಎರಡನೇ ಮನೆಯವಳು